ಫೋರ್ಡಿನ ಕ್ಲೀವ್‌ಲ್ಯಾಂಡ್ ಇಂಜಿನ್ ಫ್ಯಾಕ್ಟರಿ ಬಗ್ಗೆ ಒಂದಿಷ್ಟು ಹರಟೆ

ಕಾರ್ ಫ್ಯಾಕ್ಟರಿ ವಿಡಿಯೋ ಅಂದ್ರೆ ಎಲ್ರೂ ತೋರ್ಸೋದು ಕಿಡಿ ಹಾರಿಸೋ ವೆಲ್ಡಿಂಗ್ ರೋಬೋನೇ. ಇಂಜಿನ್ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನಂಗೆ ಮಾತ್ರ ಇಂಜಿನ್ ಫ್ಯಾಕ್ಟರಿಗಳದ್ದೇ ಹುಚ್ಚು, ಅದ್ರಲ್ಲೂ ಅಮೆರಿಕದ ಒಹಾಯೋದಲ್ಲಿ, ಬ್ರೂಕ್ ಪಾರ್ಕ್ ಅನ್ನೋ ಊರಲ್ಲಿರೋ ಫೋರ್ಡ್ ಕ್ಲೀವ್‌ಲ್ಯಾಂಡ್ ಪ್ಲಾಂಟಿಂದು.

ಶುರುವಾಗಿದ್ದು 1951ರಲ್ಲಿ. ಅದಕ್ಕೂ ಮುಂಚೆ ಬ್ಲಾಕ್ (ಸಿಲಿಂಡರ್ ತೂತುಗಳಿರೋ ಇಂಜಿನ್ನಿನ ಮುಖ್ಯ ಲೋಹದ ಮೈ) ಮಷಿನಿಂಗ್ ಅಂದ್ರೆ ಹೆಚ್ಚಾಗಿ ಎರಕದ ಬ್ಲಾಕನ್ನ ಒಂದು ಮಷಿನ್ನಿಗೆ ಕೂರಿಸು, ಕ್ಲ್ಯಾಂಪ್ ಮಾಡು, ತೂತು ಕೊರಿ, ಬಿಚ್ಚು, ಹೊತ್ಕೊಂಡು ಹೋಗಿ ಮುಂದಿನ ಮಷಿನ್ನಿಗೆ ಮತ್ತೆ ಕೂರಿಸು, ಹೀಗೇ ನಡೀತಾ ಇರೋದು. ಫೋರ್ಡಿನಲ್ಲಿ ಉತ್ಪಾದನೆ ನೋಡ್ಕೊಳ್ತಿದ್ದ ಡೆಲ್ ಹಾರ್ಡರ್ 1947ರಲ್ಲೇ ಆಟೋಮೇಷನ್‌ಗೆ ಅಂತಾನೇ ಒಂದು ಡಿಪಾರ್ಟ್‌ಮೆಂಟ್ ಮಾಡಿದ್ರು, ಆ ಯೋಚನೆ ದೊಡ್ಡ ಮಟ್ಟದಲ್ಲಿ ಕಣ್ಣಿಗೆ ಕಂಡಿದ್ದು ಇಲ್ಲಿ. ಟ್ರಾನ್ಸ್‌ಫರ್ ಲೈನ್ ಅಂತಾರಲ್ಲ, ಅದು, ಅಂದ್ರೆ ಬ್ಲಾಕು ತಾನಾಗೇ ಒಂದು ಮಷಿನ್ನಿಂದ ಮುಂದಿನದಕ್ಕೆ ಸರಿಯೋ ಸಾಲು. ಮೊದ್ಲು ಬ್ಲಾಕಿನ ಒಂದು ಮೈ ಸಪಾಟು ಮಾಡಿ ಲೊಕೇಟಿಂಗ್ ಹೋಲ್ ಹಾಕ್ತಾರೆ, ಮುಂದಿನ ಪ್ರತಿ ಸ್ಟೇಷನ್ನಲ್ಲೂ ಪಿನ್ ಬಂದು ಅದೇ ತೂತಿಗೆ ಕೂರತ್ತೆ, ಹಾಗಾಗಿ ಮಿಲ್ಲಿಂಗ್, ಬೋರಿಂಗ್, ಟ್ಯಾಪಿಂಗ್, ಹೋನಿಂಗ್ ಅಂತ ಕೆತ್ತೋ, ಕೊರೆಯೋ, ಉಜ್ಜೋ ಕೆಲ್ಸ ಎಲ್ಲಾ ಒಂದೇ ಅಳತೆ ಹಿಡ್ಕೊಂಡು ನಡಿಯತ್ತೆ, ಮಧ್ಯದಲ್ಲಿ ಎತ್ತೋರೂ ಬೇಡ ಇಳಿಸೋರೂ ಬೇಡ.

ಗಂಟೆಗೆ 154 ಬ್ಲಾಕು, ಹಳೇ ಪದ್ಧತೀಲಿ 117 ಜನ ಬೇಕಿದ್ದ ಕೆಲ್ಸಕ್ಕೆ 41 ಜನ, ಇದು ಆ ಕಾಲದಲ್ಲಿ ಬಾಯಿಂದ ಬಾಯಿಗೆ ಓಡಾಡಿದ ಲೆಕ್ಕ. ಕಾರ್ ಕಾರ್ಮಿಕರ ಸಂಘದ ಮುಖ್ಯಸ್ಥ ವಾಲ್ಟರ್ ರಾಯ್ಥರ್ ಈ ಪ್ಲಾಂಟ್ ನೋಡೋಕೆ ಬಂದಾಗ ಕಂಪನಿಯವ್ರೊಬ್ರು, ಈ ಮಷಿನ್‌ಗಳ ಹತ್ರ ಯೂನಿಯನ್ ಚಂದಾ ಹೆಂಗೆ ವಸೂಲಿ ಮಾಡ್ತೀರ ಅಂತ ಕಾಲೆಳೆದ್ರಂತೆ. ಅದಕ್ಕೆ ರಾಯ್ಥರ್, ನೀವು ಇವಕ್ಕೆ ಕಾರ್ ಹೆಂಗೆ ಮಾರ್ತೀರ ಅಂದ್ರಂತೆ. ಸಖತ್ ಅಲ್ವಾ!

ಆದ್ರೆ ಈ ಲೈನ್ ಸಿಕ್ಕಾಪಟ್ಟೆ ಹಠಮಾರಿ. ಒಂದು ಡ್ರಿಲ್ ಮುರಿದ್ರೆ ಅದರ ಹಿಂದೆ ಇರೋದೆಲ್ಲಾ ನಿಲ್ಲತ್ತೆ, ಅದಕ್ಕೇ ಟೂಲ್ ಸವೆಯೋವರೆಗೂ ಕಾಯದೇ, ಎಷ್ಟು ತೂತು ಕೊರೀತು ಅಂತ ಎಣಿಸಿ ಮುಂಚೇನೇ ಬದಲಾಯ್ಸೋದು. ಇನ್ನು ಸಿಲಿಂಡರ್‌ಗಳ ನಡುವಿನ ಅಂತರ ಬದಲಾಯ್ಸಿದ್ರೋ, ಕೋಟಿಗಟ್ಟಲೆ ಸುರಿದ ಲೈನ್ ಗುಜರಿಗೆ. ಹಳೇ ಇಂಜಿನ್‌ಗಳು ಒಂದೇ ಬ್ಲಾಕ್ ಇಟ್ಕೊಂಡು ದಶಕಗಟ್ಟಲೆ ಬದುಕಿದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ಅಂದಾಜು. ಇಲ್ಲಿ ಬರ್ತಿದ್ದ 289 ವಿ8 (ಎಂಟು ಸಿಲಿಂಡರ್, 289 ಘನ ಇಂಚಿನ ಇಂಜಿನ್) ತಗೊಳ್ಳಿ, 302 ಆದಾಗ್ಲೂ ಬೋರ್, ಅಂದ್ರೆ ಸಿಲಿಂಡರಿನ ಅಗಲ, 4 ಇಂಚೇ, ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡಾಡೋ ದೂರ, ಮಾತ್ರ 2.87ರಿಂದ 3 ಇಂಚಾಯ್ತು. (ಊರಿನ ಹೆಸರೇ ಅಂಟಿಕೊಂಡ 351 ಕ್ಲೀವ್‌ಲ್ಯಾಂಡ್ ಇಂಜಿನ್ ಆಮೇಲೆ ಬಂದಿದ್ದು, ಅದರ ಫ್ಯಾನ್‌ಗಳ ಜೊತೆ ವಾದಕ್ಕೆ ಮಾತ್ರ ಹೋಗ್ಬೇಡಿ.)

1955ರಲ್ಲಿ ಎರಡನೇ ಪ್ಲಾಂಟ್ ಬಂತು, ಪಕ್ಕದಲ್ಲೇ ಎರಕದ ಫೌಂಡ್ರಿನೂ ಇತ್ತು. ಫೌಂಡ್ರಿ 2010ರಲ್ಲಿ, ಎರಡನೇದು 2012ರಲ್ಲಿ ಮುಚ್ಚಿದ್ವು. ಮೊದಲನೇದೂ 2007ರಿಂದ ಸುಮ್ನೆ ಬಿದ್ದಿತ್ತು, 2009ರಲ್ಲಿ 3.5 ಲೀಟರ್ ಇಕೋಬೂಸ್ಟ್ ಅನ್ನೋ ಟರ್ಬೋ ವಿ6 ಇಂಜಿನ್‌ಗೋಸ್ಕರ ಮತ್ತೆ ತೆಗೆದ್ರು. ಈ ಸಲ ಹಾಕಿದ್ದು ಪ್ರೋಗ್ರಾಂ ಬದಲಾಯ್ಸಿದ್ರೆ ಬೇರೆ ಬ್ಲಾಕನ್ನೂ ಕೊರೆಯೋ ಮಷಿನ್‌ಗಳು, ಹಳೇ ಲೈನಿನ ಹಠ ಇವಕ್ಕಿಲ್ಲ.