ಎಕನಾಮಿಕ್ಸ್ ಓದಿ ಏನ್ ಮಾಡ್ತೀಯ ಅಂತ ಕೇಳೋರಿಗೆ

ನಮ್ ಕಾಲದಲ್ಲಿ ಬಿಎ ಎಚ್‌ಇಪಿ, ಅಂದ್ರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಅಂದ್ರೆ ಬೇರೆ ಎಲ್ಲೂ ಸೀಟ್ ಸಿಗದೋರು ಸೇರೋ ಕೋರ್ಸು ಅಂತ್ಲೇ ಲೆಕ್ಕ. ಮದುವೆ ಮನೇಲಿ ಯಾರಾದ್ರೂ ದೊಡ್ಡೋರು ಸಿಕ್ಕಿ ಏನಪ್ಪಾ ಓದ್ತಿದೀಯ ಅಂದಾಗ ಎಕನಾಮಿಕ್ಸ್ ಅಂದ್ರೆ ಸಾಕು, ಓ ಬ್ಯಾಂಕ್ ಕೆಲ್ಸಾನಾ ಅಂತ ಉತ್ತರಾನೂ ಅವರೇ ಕೊಟ್ಬಿಡೋರು. ಸ್ವಲ್ಪ ದುಡ್ಡಿರೋರಾದ್ರೆ ಯಾವ ಶೇರ್ ತಗೋಬೋದು ಹೇಳು ಅನ್ನೋರು. ಈಗ್ಲೂ ಕೇಳ್ತಾರೆ, ಪಿಎಚ್‌ಡಿ ಮಾಡಿದಾನೆ ಗೊತ್ತಿರುತ್ತೆ ಅಂತ. ನನಗೆ ಶೇರಿನ ಗಂಧಗಾಳಿ ಇಲ್ಲ, ನಾನ್ ನೋಡೋದು ಬೋರ್‌ವೆಲ್ಲು.

ಇದಕ್ಕೆಲ್ಲ ಕಾರಣ ನಮ್ ಎಕನಾಮಿಕ್ಸ್ ಸಾರು. ಅವರ ಹೆಸರು ಬರೆದ್ರೆ ಬೈತಾರೆ, ಹಳಬ್ರಿಗೆ ಗೊತ್ತಾಗುತ್ತೆ ಬಿಡಿ. ಬೋರ್ಡ್ ಮೇಲೆ ಡಿಮ್ಯಾಂಡ್ ಕರ್ವ್ ಎಳೀತಾ ಎಳೀತಾ ಅರ್ಧಕ್ಕೆ ನಿಲ್ಲಿಸಿ ಅವತ್ತಿನ ಪೇಪರಿನ ಯಾವ್ದೋ ಸುದ್ದಿ ಓದೋರು. ಫ್ಲೈಓವರ್ ಆಗಿರ್ಲಿ, ಸಾಲಮನ್ನಾ ಆಗಿರ್ಲಿ, ಕೊನೇಗೆ ಅವರದ್ದು ಒಂದೇ ಪ್ರಶ್ನೆ: "ಸರಿ ಕಣ್ರೋ, ಖರ್ಚು ಯಾರ ತಲೆ ಮೇಲೆ?" ಸರ್ಕಾರದ್ದು ಸಾರ್ ಅಂದ್ರೆ ಬಿಡ್ತಿರ್ಲಿಲ್ಲ, ಸರ್ಕಾರ ಅಂದ್ರೆ ಯಾರು, ಯಾವ ತೆರಿಗೆ, ಅದನ್ನ ಯಾರು ಕಟ್ತಾರೆ ಅಂತ ಕೆದಕಿ ಕೆದಕಿ ಕೇಳೋರು. ಇಂಟರ್ನಲ್ಸ್‌ಗೆ ಇದ್ಯಾವ್ದೂ ಬರ್ತಿರ್ಲಿಲ್ಲ ಅನ್ನೋದು ಬೇರೆ ಮಾತು.

ಎಕನಾಮಿಸ್ಟ್ ವಿ.ಕೆ.ಆರ್.ವಿ. ರಾವ್ ಹೆಸರು ಮೊದಲು ಕೇಳಿದ್ದು ಸಾರ್ ಬಾಯಲ್ಲೇ. ಸ್ವಾತಂತ್ರ್ಯಕ್ಕೆ ಮುಂಚೆ, ಅಂಕಿಅಂಶ ಅನ್ನೋದು ನೆಟ್ಟಗೆ ಇಲ್ಲದೇ ಇರೋ ಕಾಲದಲ್ಲಿ ಕೂತ್ಕೊಂಡು 1931-32ರಲ್ಲಿ ಈ ದೇಶದ ಆದಾಯ ಎಷ್ಟಿತ್ತು ಅಂತ ಲೆಕ್ಕ ಹಾಕಿದ ಮನುಷ್ಯ. ಆಮೇಲೆ 1949ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ನಮ್ ಬೆಂಗಳೂರಿನ ಐಸೆಕ್ (ಸಮಾಜ, ಆರ್ಥಿಕತೆ ಬಗ್ಗೆ ರಿಸರ್ಚ್ ಮಾಡೋ ಸಂಸ್ಥೆ), ಎರಡೂ ಶುರುವಾಗಿದ್ದು ಅವರಿಂದಾನೇ. ಸಾರು ನಮ್ಮನ್ನ ಒಂದ್ಸಲ ನಾಗರಭಾವಿಗೆ ಕರ್ಕೊಂಡ್ ಹೋಗಿ ಐಸೆಕ್ ಲೈಬ್ರರಿ ತೋರ್ಸಿದ್ರು. ಅರ್ಧ ಜನ ಕ್ಯಾಂಪಸ್ಸಿನ ಮರದ ಕೆಳಗೆ ಫೋಟೋ ತೆಗೆಸ್ಕೊಂಡು ವಾಪಸ್ ಬಂದ್ರು, ನಾನು ಒಳಗಡೆ ಎಕನಾಮಿಸ್ಟ್ ನಂಜುಂಡಪ್ಪ ಅವರ ಸಮಿತಿ ವರದಿ ಹಿಡ್ಕೊಂಡ್ ಕೂತಿದ್ದೆ. ದೊಡ್ಡ ಓದುಗ ಅಂತಲ್ಲ, ನಮ್ ತಾಲ್ಲೂಕು ಯಾವ ಪಟ್ಟೀಲಿದೆ ನೋಡೋ ಆಸೆ. 35 ಸೂಚ್ಯಂಕ ಇಟ್ಕೊಂಡು 175 ತಾಲ್ಲೂಕನ್ನೂ ಅಳೆದು 114 ಹಿಂದುಳಿದಿವೆ, ಅದರಲ್ಲಿ 39 ತೀರಾ ಹಿಂದುಳಿದಿವೆ ಅಂತ 2002ರಲ್ಲಿ ಕೊಟ್ಟ ವರದಿ ಅದು. ಒಬ್ಬ ಎಕನಾಮಿಸ್ಟ್ ಮಾಡಿದ ಟೇಬಲ್ ಇಟ್ಕೊಂಡು ವಿಧಾನಸೌಧದಲ್ಲಿ ವರ್ಷಾನುಗಟ್ಲೆ ಜಗಳ ಆಡ್ತಾರೆ ಅಂತ ಗೊತ್ತಾದಾಗ ಈ ಸಬ್ಜೆಕ್ಟಿಗೂ ಒಂದ್ ತೂಕ ಇದೆ ಅನ್ನಿಸ್ತು ನೋಡಿ.

ನಮ್ ಬ್ಯಾಚಲ್ಲಿ ಯಾರ್ಯಾರು ಎಲ್ಲೆಲ್ಲಿಗೆ ಹೋದ್ರು ಅಂದ್ರೆ, ಅರ್ಧಕ್ಕರ್ಧ ಬಿಎಡ್ ಮಾಡಿ ಮೇಷ್ಟ್ರಾದ್ರು, ಒಬ್ಳು ಎಂಎ ಮುಗಿಸಿ ಐಇಎಸ್, ಅಂದ್ರೆ ಇಂಡಿಯನ್ ಎಕನಾಮಿಕ್ ಸರ್ವೀಸ್ ಪರೀಕ್ಷೆ ಬರೆದ್ಳು. ಯುಪಿಎಸ್‌ಸಿಯವರೇ ನಡೆಸ್ತಾರೆ, 1961ರಿಂದ ಇರೋ ಸರ್ವೀಸು, ಆದ್ರೆ ಐಎಎಸ್ ಕನ್ಸಲಿ ಇರೋ ನಮ್ ಹುಡುಗ್ರಿಗೆ ಇದರ ಹೆಸರೇ ಗೊತ್ತಿರಲ್ಲ, ಸೀಟೂ ಕಮ್ಮಿ. ಇಂಟರ್‌ವ್ಯೂವರೆಗೂ ಹೋಗಿ ಆಗ್ಲಿಲ್ಲ, ಈಗ ಒಂದು ಬ್ಯಾಂಕಿನ ರಿಸರ್ಚ್ ವಿಭಾಗದಲ್ಲಿದಾಳೆ. ಇನ್ನೊಬ್ಬ ಮ್ಯಾಥ್ಸಲ್ಲಿ ಗಟ್ಟಿ ಇದ್ದ, ಡೆಲಿವರಿ ಆ್ಯಪ್ ಕಂಪನೀಲಿ ಪ್ರೈಸಿಂಗ್ ಟೀಮಲ್ಲಿದಾನೆ, ಮಳೆ ಬಂದ್ ತಕ್ಷಣ ಡೆಲಿವರಿ ಚಾರ್ಜ್ ಏರುತ್ತಲ್ಲ, ಅದರ ಹಿಂದೆ ಕೂತಿರೋರಲ್ಲಿ ಇವನೂ ಒಬ್ಬ, ಗ್ರೂಪಲ್ಲಿ ಮಳೆಗಾಲ ಪೂರ್ತಿ ಬೈಸ್ಕೋತಾನೆ. ನನಗೆ ತುಂಬಾ ಇಷ್ಟ ಆಗೋದು ನಮ್ ಬ್ಯಾಚಲ್ಲೇ ಬೆಲೆ ಕಲೆಕ್ಟ್ ಮಾಡೋ ಇನ್ನೊಬ್ಳ ಕೆಲ್ಸ. ಟೀವೀಲಿ ಹಣದುಬ್ಬರ ಇಷ್ಟು ಪರ್ಸೆಂಟ್ ಅಂತಾರಲ್ಲ, ಅದಕ್ಕೆ ಯಾರಾದ್ರೂ ತಿಂಗಳು ತಿಂಗಳು ಅದೇ ಅಂಗಡಿಗೆ ಹೋಗಿ ಅದೇ ಅಕ್ಕಿ, ಅದೇ ಸೋಪು, ಅದೇ ಸೈಜಿನ ಪ್ಯಾಕೆಟ್ಟಿನ ರೇಟ್ ಬರ್ಕೋಬೇಕು. ಏನೂ ತಗೋಳ್ದೆ ಬರೀ ರೇಟ್ ಕೇಳ್ತಾಳೆ ಅಂತ ಒಬ್ಬ ಅಂಗಡಿಯವ್ರು ಮೊದಮೊದಲು ಇವಳನ್ನ ಜಿಎಸ್‌ಟಿಯೋಳು ಅನ್ಕೊಂಡು ಬಾಗಿಲು ಎಳ್ಕೋತಿದ್ರಂತೆ.

ನಾನು ಎಂಎ ಆದ್ಮೇಲೆ ಒಂದು ಪ್ರಾಜೆಕ್ಟಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿ ಸೇರಿದೆ. ಸಂಬಳ ಕಾಲಕ್ಕೆ ಸರಿಯಾಗಿ ಬರ್ತಿರ್ಲಿಲ್ಲ, ಆ ಕಥೆ ಇಲ್ಲಿ ಬೇಡ. ನಮ್ ಕೋಲಾರದ ಕಡೆ ನದಿ ಅನ್ನೋದು ಹೆಸರಿಗಷ್ಟೆ, ಎಲ್ಲಾ ನೆಲದೊಳಗಿಂದ ಬರಬೇಕು. ಅಂತರ್ಜಲದ ಅರ್ಥಶಾಸ್ತ್ರ ಅಂದ್ರೆ ಬೆಂಗಳೂರು ಕೃಷಿ ವಿವಿ ಜಿಕೆವಿಕೆಯ ಎಂ.ಜಿ. ಚಂದ್ರಕಾಂತ್ ಅವರ ಕೆಲಸ ಓದ್ದೆ ಮುಂದಕ್ಕೆ ಹೋಗೋ ಹಾಗಿಲ್ಲ. ಅದರ ಒಳಗಿನ ಐಡಿಯಾ ಕೇಳೋಕೆ ಸುಲಭ. ರೈತ ಮೂರು ಲಕ್ಷ ಕೊಟ್ಟು ಬೋರ್ ಹಾಕಿಸ್ದ, ಐದು ವರ್ಷ ನೀರು ಬಂತು, ಅಂದ್ರೆ ವರ್ಷಕ್ಕೆ 60 ಸಾವಿರ ಅಂತ ನಾವು ಲೆಕ್ಕ ಹಾಕ್ತೀವಿ. ಆದ್ರೆ ಅದಕ್ಕೂ ಮುಂಚೆ ಮೂರು ಬೋರ್ ಫೇಲ್ ಆಗಿದ್ರೆ? ಆ ದುಡ್ಡೂ ಈ ನೀರಿನ ತಲೆ ಮೇಲೇ ಬರಬೇಕಲ್ವಾ, ಆಗ ವರ್ಷಕ್ಕೆ 2 ಲಕ್ಷದ 40 ಸಾವಿರ, ಬಡ್ಡಿ ಬೇರೆ. ಎಕರೆ-ಇಂಚು ಅಂತ ಒಂದ್ ಅಳತೆ ಇದೆ, ಒಂದ್ ಎಕರೇಲಿ ಒಂದಿಂಚು ನೀರು ನಿಂತಷ್ಟು, ಸುಮಾರು ಒಂದು ಲಕ್ಷದ ಮೂರು ಸಾವಿರ ಲೀಟರ್. ಅದಕ್ಕಿಷ್ಟು ಅಂತ ಬೆಲೆ ಕಟ್ಟಿದ್ರೆ ಟೊಮ್ಯಾಟೋ ಲಾಭಾನೋ ನಷ್ಟಾನೋ ಅನ್ನೋ ಲೆಕ್ಕಾನೇ ತಲೆಕೆಳಗಾಗುತ್ತೆ. ಹತ್ತು ಎಚ್‌ಪಿವರೆಗೂ ಕರೆಂಟ್ ಫ್ರೀ ಇರೋದ್ರಿಂದ ನೀರೂ ಫ್ರೀ ಅನ್ನೋ ಹಾಗೆ ಮಾತಾಡ್ತೀವಿ, ಅಷ್ಟೆ.

ಒಂದ್ಸಲ ಒಬ್ಬ ರೈತರ ಮನೇಲಿ ಜಗಲಿ ಮೇಲೆ ಕೂತು ಫಾರಂ ತುಂಬ್ತಿದ್ದೆ. ಒಟ್ಟು ಎಷ್ಟು ಬೋರ್ ಹಾಕ್ಸಿದೀರಾ ಯಜಮಾನ್ರೇ ಅಂದೆ, ಎರಡು ಅಂದ್ರು, ಒಂದ್ ಓಡ್ತಿದೆ ಒಂದ್ ನಿಂತಿದೆ ಅಂತ. ಒಳಗಡೆ ರಾಗಿ ಕೇರ್ತಿದ್ದ ಅವರ ಹೆಂಡ್ತಿ ಮೊರ ಕೆಳಗಿಟ್ಟು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಹುಣಸೆಮರದ ಹತ್ರದ್ದು ಎಲ್ಲಿ ಹೋಯ್ತು, ಅದಕ್ಕೆ ತಾನೇ ನನ್ ಸರ ಅಡ ಇಟ್ಟಿದ್ದು, ಬದುವಿನ ಪಕ್ಕದ್ದಕ್ಕೆ ಬಳೆ, ಅದಾದ್ಮೇಲೆ ಮಗಳ ಓಲೆ ಅಂತ ಒಂದೊಂದೇ ಎಣ್ಸಿದ್ರು. ಐದಾಯ್ತು. ಯಜಮಾನ್ರು ಎಲೆ ಅಡಿಕೆ ಡಬ್ಬಿ ಕಡೆ ನೋಡ್ತಾ ಕೂತ್ರು. ಅವತ್ತಿಂದ ನಮ್ ಫಾರಂನ ಆ ಪುಟಕ್ಕೆ ಮನೆ ಹೆಣ್ಮಕ್ಕಳನ್ನೂ ಕೂರಿಸ್ಕೊಂಡು ಕೇಳೋದು ಅಂತ ನಮ್ ಟೀಮಲ್ಲಿ ರೂಲ್ ಆಯ್ತು, ನನ್ ಥೀಸಿಸ್ಸೂ ಅಲ್ಲಿಂದಾನೇ ಹುಟ್ಟಿದ್ದು. ಸಾರು ಕೇಳ್ತಿದ್ದ ಪ್ರಶ್ನೆಗೆ ಅಷ್ಟು ನೇರವಾದ ಉತ್ತರ ನಾನ್ ಯಾವ ಜರ್ನಲಲ್ಲೂ ಓದಿಲ್ಲ.

ರಿಸರ್ಚ್ ಮಾಡೋರಲ್ಲಿ ಒಂದ್ ತಮಾಷೆ ಇದೆ. ಅಮೆರಿಕದ ಎಕನಾಮಿಕ್ಸ್ ಸಂಘದವರು ಎಲ್ಲಾ ವಿಷಯಕ್ಕೂ ಒಂದೊಂದು ಕೋಡ್ ಇಟ್ಟಿದಾರೆ, ಪೇಪರ್ ಕಳಿಸ್ಬೇಕಾದ್ರೆ ಅದನ್ನ ಮೇಲೆ ಹಾಕ್ಬೇಕು. ಜೆ ಅಂದ್ರೆ ಕಾರ್ಮಿಕರು, ಎಚ್ ಅಂದ್ರೆ ತೆರಿಗೆ ಮತ್ತೆ ಸರ್ಕಾರದ ಖರ್ಚು, ನಮ್ ಎಕನಾಮಿಸ್ಟ್ ಗೋವಿಂದ ರಾವ್ ಅವರ ಥರದೋರು ಆ ಮನೆಯವರು. ಕ್ಯೂ25 ಅಂದ್ರೆ ನೀರು, ಅದು ನನ್ದು. ಕಾನ್ಫರೆನ್ಸಲ್ಲಿ ಗೋತ್ರ ಕೇಳ್ದಂಗೆ ನಿಮ್ ಕೋಡ್ ಯಾವ್ದು ಅಂತ ಕೇಳ್ತಾರೆ. 2009ರಲ್ಲಿ ನೊಬೆಲ್ ಬಂತಲ್ಲ ಎಲಿನೋರ್ ಆಸ್ಟ್ರೋಮ್, ಅವರು ಪೊಲಿಟಿಕಲ್ ಸೈನ್ಸ್ ಓದಿದೋರು, ಕಾಲುವೆ ಕಾಡು ಹುಲ್ಲುಗಾವಲನ್ನ ಊರಿನ ಜನ ಹೆಂಗ್ ಕಾಪಾಡ್ಕೋತಾರೆ ಅಂತ ನೋಡಿದೋರು. ಎಚ್‌ಇಪಿ ಅಂತ ನಗೋರಿಗೆ ನಾನು ಈ ಹೆಸರು ಹೇಳ್ತೀನಿ.

ಈಗ ಓದ್ತಿರೋರಿಗೆ ಏನಾದ್ರೂ ಹೇಳಿ ಅಂದ್ರು ನಮ್ ಡಿಪಾರ್ಟ್‌ಮೆಂಟಿನ ಮೇಡಂ. ಮ್ಯಾಥ್ಸು ಸ್ಟಾಟಿಸ್ಟಿಕ್ಸ್‌ಗೆ ಹೆದರ್ಕೊಂಡು ಪೇಪರ್ ಬಿಟ್ಟೀರಾ, ಎಂಎಗೆ ಹೋದ್ಮೇಲೆ ಅಲ್ಲೇ ಸಿಕ್ಕಾಕ್ಕೊಳೋದು. ಆರ್ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ, ರಜೇಲಿ ಕೂತು ಕಲೀರಿ. ಕೆ.ಸಿ. ವ್ಯಾಲಿ ನೀರು 2018ರಿಂದ ನಮ್ ಕೆರೆಗಳಿಗೆ ಬರ್ತಿದೆ, ಬೆಂಗಳೂರು ಬಳಸಿ ಬಿಟ್ಟ ನೀರನ್ನ ಶುದ್ಧ ಮಾಡಿ ಕಳಿಸೋದು. ಕೆರೆ ಪಕ್ಕದ ಹಳ್ಳೀಲಿ ಬೋರ್ ಫೇಲ್ ಆಗೋದು ಕಮ್ಮಿ ಆಯ್ತಾ, ಆಗಿದ್ರೆ ಯಾರಿಗೆ, ಜನ ಯಾವ ಬೆಳೆಗೆ ತಿರುಗಿದ್ರು, ಬಿಎ ಪ್ರಾಜೆಕ್ಟಿಗೆ ಬೇಕಾದಷ್ಟಾಯ್ತು. ಬೇಸಿಗೆಗೆ ನಮ್ ಸರ್ವೆಗೂ ಹುಡುಗ್ರು ಹುಡುಗೀರು ಬೇಕಾಗಿದಾರೆ, ತೆಲುಗು ಬಂದ್ರೆ ಇನ್ನೂ ಒಳ್ಳೇದು, ಡಿಪಾರ್ಟ್‌ಮೆಂಟಲ್ಲಿ ಹೆಸರು ಬರೆಸಿರಿ.