ಗೋಡೆಯ ಮೇಲಿನ ಸೌತೆಬೀಜಗಳು

ಮಂಗಳೂರಿನ ಮಳೆ ಹಿಡಿಯುತ್ತಲೇ ನಮ್ಮ ಮಲಗುವ ಕೋಣೆಯ ಗೋಡೆಗಳಲ್ಲಿ ಸೌತೆಬೀಜದಷ್ಟು ಚಪ್ಪಟೆಯಾದ, ಸುಮಾರು 1 ಸೆಂಟಿಮೀಟರ್ ಉದ್ದದ ಬೂದುಬಣ್ಣದ ಚೀಲಗಳು ಮತ್ತೆ ಕಾಣಿಸಿಕೊಂಡಿವೆ. ಇಷ್ಟು ವರ್ಷ ಅವನ್ನು ಬರೀ ಧೂಳಿನ ಗಂಟು ಎಂದೇ ಭಾವಿಸಿದ್ದೆ. ನಿನ್ನೆ ಒಂದನ್ನು ಕಾಗದದ ಮೇಲಿಟ್ಟು ಕಾದು ಕುಳಿತಾಗ, ಚೀಲದ ಒಂದು ತುದಿಯಿಂದ ಕಂದು ತಲೆಯ ಹುಳುವೊಂದು ಇಣುಕಿ, ನನ್ನ ಬೆರಳು ಸೋಕಿದೊಡನೆ ಒಳಗೆ ಸರಿದು, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ತುದಿಯಿಂದ ತಲೆ ಹಾಕಿತು.

ಇದು ಪುಟ್ಟ ಪತಂಗವೊಂದರ ಮರಿ. ತಾನೇ ನೂತ ರೇಷ್ಮೆಗೆ ನಮ್ಮ ಮನೆಯ ಮರಳು, ಧೂಳು, ಬಟ್ಟೆಯ ಜುಂಗುಗಳನ್ನು ಅಂಟಿಸಿಕೊಂಡು ಮನೆ ಕಟ್ಟಿಕೊಳ್ಳುತ್ತದೆ. ಜೇಡರ ಬಲೆ, ಉದುರಿದ ಕೂದಲು ಮತ್ತು ಉಣ್ಣೆಯೇ ಅದರ ಆಹಾರವಾದ್ದರಿಂದ, ದೀಪದ ಸುತ್ತ ಹಾರುವ ಪತಂಗವನ್ನು ಹೊಡೆದು ಪ್ರಯೋಜನವಿಲ್ಲ. ಬಲೆ ತೆಗೆದು, ಮಂಚದ ಅಡಿ ಗುಡಿಸಿ, ಕೋಣೆಯ ತೇವ ತಗ್ಗಿಸಬೇಕು. ಅಮ್ಮನ ಪ್ರಕಾರ ಎಲ್ಲಕ್ಕೂ ನುಸಿಗುಳಿಗೆಯೇ ಮದ್ದು, ಆದರೆ ಅದರ ವಾಸನೆಗೆ ಹುಳುವಿಗಿಂತ ಮೊದಲು ನನಗೇ ತಲೆನೋವು ಬರುತ್ತದೆ.

ಬೆಳಿಗ್ಗೆ ಹದಿನೇಳು ಚೀಲಗಳನ್ನು ಗುಡಿಸಿ ತೆಗೆದೆ. ನನ್ನ ಹಳದಿ ಟವೆಲಿನ ಎಳೆಗಳನ್ನು ಅಂಟಿಸಿಕೊಂಡಿದ್ದ ಒಂದನ್ನು ಮಾತ್ರ ಕಿಟಕಿಯ ಹೊರಗೆ ಬಿಟ್ಟೆ.