ಮಂಗಳವಾರದ ಸಂಘ

"ಆ 42 ಜನರಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಏನು ಮಾಡುತ್ತಿದ್ದರು ಸರ್?"

ಮಂಗಳವಾರದಿಂದ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ.

ಶಿವಮೊಗ್ಗದ ಕಾಲೇಜೊಂದರಲ್ಲಿ ಸಾಮಾಜಿಕ ಉದ್ಯಮಶೀಲತೆಯ ಪಾಠ ಮಾಡುವವನು ನಾನು. ಅಂದು ಬಡವರಿಗೆ ಕಿರುಸಾಲ ಕೊಡಲು ಹೊರಟ ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನುಸ್ ಅವರ ಕತೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯ 42 ಜನರಿಗೆ ಸ್ವಂತ ಜೇಬಿನಿಂದ ಒಟ್ಟು 27 ಡಾಲರ್ ಸಾಲ ಕೊಟ್ಟರು, ಅದೇ ಬೆಳೆದು 1983ರಲ್ಲಿ 'ಗ್ರಾಮೀಣ ಬ್ಯಾಂಕ್' ಆಯಿತು, 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಬಂತು. ಪ್ರತಿ ವರ್ಷ ಇಲ್ಲಿಗೆ ಬಂದಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಏರಿದ ಹೊತ್ತಿಗೇ ಆನಂದಪುರದ ಕಡೆಯ ಹುಡುಗಿ ಎದ್ದು ನಿಂತಳು.

"ಸರ್, ಎರಡೂವರೆ ಬಸ್ಸಿಗೆ ಹೋಗಲೇ? ಸಂಘಕ್ಕೆ ಕಂತು ಕಟ್ಟಬೇಕು. ಅಮ್ಮ ಅಡಿಕೆ ಸುಲಿಯಲು ಹೋಗಿದ್ದಾರೆ."

ಸಿಡುಕು ಬಂತು. ಮುಂದಿನ ಬೆಂಚಿನವನೊಬ್ಬ ನಕ್ಕ. (ಮಾತಿಗೊಮ್ಮೆ 'ಇಂಪ್ಯಾಕ್ಟ್' ಎನ್ನುವ ಹುಡುಗ. ಅವನಿಗೆ ಹೆಚ್ಚು ಅಂಕ ಕೊಟ್ಟವನೂ ನಾನೇ.) ನಾನು ಹೇಳುತ್ತಿರುವುದೂ ಅದನ್ನೇ ಅಲ್ಲವೇ, ಅಡಮಾನ ಬೇಡ, ಗುಂಪೇ ಜಾಮೀನು ಎಂದೆ. ಆಗ ಕೇಳಿದಳು ಆ ಪ್ರಶ್ನೆ. ವ್ಯಂಗ್ಯವಿರಲಿಲ್ಲ. ಬೇರೆ ಊರಿನ ಸಂಘದ ನಿಯಮ ಹೇಗಿದೆಯೋ ಎಂದು ವಿಚಾರಿಸುವ ಹಾಗಿತ್ತು. ಅವಳ ಊರಿನಲ್ಲಿ ಎಲ್ಲರ ಹಣ ಸೇರುವ ತನಕ ಯಾರೂ ಏಳುವಂತಿಲ್ಲವಂತೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇನೋ ತಂದಿತು. ಬಾಗಿಲಿಗೆ ಬಂದು ಕೇಳುವವಳು ಪಕ್ಕದ ಮನೆಯವಳೇ ಆದರೆ ದೂರು ಕೊಡುವುದು ಯಾರ ಮೇಲೆ?

ನಮ್ಮ ಮನೆಯಲ್ಲಿ ಸಂಘ ಎಂದರೆ ಮ್ಯಾಮ್ಕೋಸ್. 1939ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಮಾರಾಟ ಸಹಕಾರ ಸಂಘ. ಅಪ್ಪ ಮೂಟೆಗಳನ್ನು ಅಲ್ಲಿ ಹಾಕಿ, ಮುಂಗಡ ತಂದು, ಧಾರಣೆ ಏರಲಿ ಎಂದು ಕಾಯುತ್ತಿದ್ದರು. ಕಾಯಲು ಬಿಡುವ ಸಂಘ ಅದು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅದೇ ಅಡಿಕೆಯನ್ನು ಸುಲಿಯುವವರ ಸಂಘ ಒಂದು ವಾರವೂ ಕಾಯುವುದಿಲ್ಲ. ತೋಟದ ಮನೆಯಲ್ಲೇ ಹುಟ್ಟಿದ ನನಗೆ ಇದು ಹೊಳೆಯಲು ಚಿತ್ತಗಾಂಗಿನ ಪಕ್ಕದ ಆ ಜೋಬ್ರಾ ಹಳ್ಳಿಗೆ ಹೋಗಿ ಬರಬೇಕಾಯಿತು, ಅದೂ ಕುರ್ಚಿಯಲ್ಲಿ ಕೂತು.

ಬುಧವಾರ ಹಾಜರಿ ಕರೆಯುವಾಗ, ಎಲ್ಲರೂ ಕಟ್ಟಿದರೇ ಎಂದು ಕೇಳಿದೆ.

"ಒಬ್ಬರು ಬಂದಿರಲಿಲ್ಲ ಸರ್. ಉಳಿದ ಒಂಬತ್ತು ಜನ ಐವತ್ತೈವತ್ತು ಹಾಕಿದೆವು."